ಐದಾರು ಆ್ಯಪ್ ಸಾಲಾಗಿ ತೆರೆಯಬೇಕು, ಟೈಪ್ ಮಾಡುವಾಗ ಅಡ್ಡ ಬರಬಾರದು. ದಾರಿ ಇದೆಯಾ?

ಪ್ರಶ್ನೆ

ನನ್ನದು ವಿಂಡೋಸ್ 11. ದಿನಾ ಕೆಲಸಕ್ಕೆ ಕೂತಾಗ ಮೇಲ್, ಬ್ರೌಸರ್, ಎಕ್ಸೆಲ್, ಕೋಡ್ ಎಡಿಟರ್, ಚಾಟ್ ಎಲ್ಲಾ ಬೇಕು. ಸ್ಟಾರ್ಟ್ ಮೆನುವಿನಲ್ಲಿ ಒಂದನ್ನು ಕ್ಲಿಕ್ ಮಾಡಿದರೆ ಮೆನು ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆದು ಮತ್ತೆ ಹುಡುಕಬೇಕು. ಅದನ್ನಾದರೂ ಸಹಿಸಬಹುದು. ಎಲ್ಲಾ ಒಟ್ಟಿಗೆ ಲೋಡ್ ಆಗಲ್ಲ ಅಲ್ವಾ, ಅಷ್ಟರಲ್ಲಿ ನಾನು ಮೊದಲು ತೆರೆದದ್ದರಲ್ಲಿ ಟೈಪ್ ಮಾಡುತ್ತಿರುತ್ತೇನೆ, ಆಗ ತಡವಾಗಿ ಎದ್ದ ವಿಂಡೋ ಒಂದು ಮುಂದೆ ಬಂದು ಕೂರುತ್ತದೆ, ಬರೆಯುತ್ತಿದ್ದ ಅಕ್ಷರಗಳೆಲ್ಲ ಅದರೊಳಗೆ ಹೋಗುತ್ತವೆ. ಹೋದ ವಾರ ಅರ್ಧ ಪಾಸ್‌ವರ್ಡ್ ಚಾಟ್‌ನಲ್ಲಿ ಬಿದ್ದಿತ್ತು. ಎಂಟರ್ ಒತ್ತುವ ಮುಂಚೆ ಕಣ್ಣಿಗೆ ಬಿತ್ತು, ಪುಣ್ಯ. ಇದಕ್ಕೆ ಏನು ಮಾಡುತ್ತೀರಿ?

ಉತ್ತರ 1

ಸ್ಟಾರ್ಟ್ ಮೆನು ಬಿಟ್ಟುಬಿಡಿ. ಬೇಕಾದ ಆ್ಯಪ್‌ಗಳನ್ನು ಟಾಸ್ಕ್‌ಬಾರ್‌ಗೆ ಪಿನ್ ಮಾಡಿ, ವಿಂಡೋಸ್ ಕೀ ಒತ್ತಿ ಹಿಡಿದು 1, 2, 3, 4 ಅಂತ ಒತ್ತುತ್ತಾ ಹೋಗಿ. ಎಡದಿಂದ ಎಷ್ಟನೆಯದೋ ಅದು ತೆರೆಯುತ್ತದೆ, ಹತ್ತನೆಯದಕ್ಕೆ 0. ಆ್ಯಪ್ ಆಗಲೇ ತೆರೆದಿದ್ದರೆ ಅದಕ್ಕೇ ಹೋಗುತ್ತದೆ. ಇನ್ನೊಂದು ಹೊಸ ವಿಂಡೋ ಬೇಕಿದ್ದರೆ ಜೊತೆಗೆ ಶಿಫ್ಟ್ ಹಿಡಿಯಿರಿ.

ಸಾಲು ಮುಖ್ಯ. ನಿಧಾನವಾಗಿ ಏಳುವುದನ್ನು ಮೊದಲು ಇಡಿ, ನೀವು ಟೈಪ್ ಮಾಡಲು ಕೂರುವುದನ್ನು ಕೊನೆಗೆ ಇಡಿ. ನನಗೆ ಅರ್ಧ ಕಿರಿಕಿರಿ ಇದರಿಂದಲೇ ಹೋಯಿತು.

ಉತ್ತರ 2

ಮೇಲಿನದು ಸರಿ, ಆದರೆ ವಿಂಡೋ ಮುಂದೆ ನುಗ್ಗುವುದು ಅದರಿಂದ ಪೂರ್ತಿ ನಿಲ್ಲುವುದಿಲ್ಲ. ನೀವೇ ತೆರೆದ ಪ್ರೋಗ್ರಾಂಗೆ ಮುಂದೆ ಬರಲು ವಿಂಡೋಸ್ ಸಾಮಾನ್ಯವಾಗಿ ಬಿಡುತ್ತದೆ. ಬಿಡದಿದ್ದಾಗ ಟಾಸ್ಕ್‌ಬಾರ್‌ನಲ್ಲಿ ಐಕಾನ್ ಮಾತ್ರ ಮಿನುಗುತ್ತದೆ. ಹಾಗಾಗಿ ಮಿನಿಮೈಸ್ ಆಗಿಯೇ ತೆರೆಯುವ ಹಾಗೆ ಮಾಡುವುದು ವಾಸಿ. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ರನ್ ಅನ್ನುವ ಕಡೆ ಮಿನಿಮೈಸ್ಡ್ ಆರಿಸಿ. ಎಲ್ಲಾ ಆ್ಯಪ್ ಈ ಮಾತು ಕೇಳುವುದಿಲ್ಲ, ಕೆಲವು ತಮಗೆ ಬೇಕಾದ ಹಾಗೆಯೇ ತೆರೆಯುತ್ತವೆ.

ನಾನು ಒಂದು ಬ್ಯಾಚ್ ಫೈಲ್ ಇಟ್ಟುಕೊಂಡಿದ್ದೇನೆ, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ತೆರೆದರೆ ಒಂದಾದಮೇಲೊಂದು ಓಡುತ್ತವೆ. ಆ್ಯಪ್‌ಗೆ ಒಂದು ಸಾಲು, ಪ್ರತಿ ಸಾಲು ಸ್ಟಾರ್ಟ್ ಕಮಾಂಡ್‌ನಿಂದ ಶುರು. ಅದು ಇಲ್ಲದೆ ಸುಮ್ನೆ ಪಾತ್ (ಆ್ಯಪ್‌ನ ಫೈಲ್ ಎಲ್ಲಿದೆ ಅನ್ನುವ ವಿಳಾಸ) ಬರೆದರೆ ಮೊದಲ ಆ್ಯಪ್ ಮುಚ್ಚುವ ತನಕ ಎರಡನೆಯದು ತೆರೆಯುವುದೇ ಇಲ್ಲ. ಇನ್ನೊಂದು ವಿಷಯ ನನ್ನ ಒಂದು ಸಂಜೆ ತಿಂದಿತು: ಕೋಟ್ ಹಾಕಿದ ಮೊದಲ ಮಾತನ್ನು ಸ್ಟಾರ್ಟ್ ಕಮಾಂಡ್, ವಿಂಡೋದ ಹೆಸರು ಅಂದುಕೊಳ್ಳುತ್ತದೆ, ಆದ್ದರಿಂದ ಪಾತ್‌ಗೆ ಮುಂಚೆ ಒಂದು ಜೋಡಿ ಖಾಲಿ ಕೋಟ್ ಇರಲೇಬೇಕು. ಭಾರದ ಆ್ಯಪ್ ಆದಮೇಲೆ ಟೈಮ್‌ಔಟ್ ಕಮಾಂಡ್‌ನಿಂದ 5 ಸೆಕೆಂಡ್ ಬಿಡುವು ಕೊಡಿ. ಎಲ್ಲಾ ಒಟ್ಟಿಗೆ ಡಿಸ್ಕ್ ಮೇಲೆ ಬಿದ್ದರೆ ಎಲ್ಲವೂ ನಿಧಾನ. ಫೈಲ್‌ನ ಶಾರ್ಟ್‌ಕಟ್ ಅನ್ನು ಸ್ಟಾರ್ಟಪ್ ಫೋಲ್ಡರ್‌ಗೆ ಹಾಕಿದರೆ ಲಾಗಿನ್ ಆದ ತಕ್ಷಣ ತಾನೇ ಓಡುತ್ತದೆ.

ಉತ್ತರ 3

ಬೇರೆ ಸಿಸ್ಟಮ್ ಇರುವವರಿಗೆ. ಮ್ಯಾಕ್‌ನಲ್ಲಿ ಟರ್ಮಿನಲ್‌ನ ಓಪನ್ ಕಮಾಂಡ್‌ಗೆ ಹೈಫನ್ ಜಿ (-g) ಸೇರಿಸಿದರೆ ಆ್ಯಪ್ ಹಿಂದೆಯೇ ತೆರೆಯುತ್ತದೆ, ಮುಂದೆ ಬರುವುದಿಲ್ಲ. ಲಿನಕ್ಸ್‌ನಲ್ಲಿ ಕೆಡಿಇ ಡೆಸ್ಕ್‌ಟಾಪ್ ಇದ್ದರೆ ವಿಂಡೋ ಬಿಹೇವಿಯರ್ ಸೆಟ್ಟಿಂಗ್‌ನಲ್ಲಿ ಫೋಕಸ್ ಕಸಿಯುವುದನ್ನು (ವಿಂಡೋ ತಾನೇ ಮುಂದೆ ನುಗ್ಗುವುದನ್ನು) ಎಷ್ಟು ಬಿಗಿಯಾಗಿ ತಡೆಯಬೇಕು ಅಂತ ಹಂತ ಆರಿಸಬಹುದು. ತೀರಾ ಮೇಲಿನ ಹಂತ ಇಡಬೇಡಿ, ಬೇಕಾದ ವಿಂಡೋಗಳೂ ಹಿಂದೆ ಉಳಿಯುತ್ತವೆ.

ಉತ್ತರ 4

ದಿನಾ ಶಟ್‌ಡೌನ್ ಯಾಕೆ? ಹೈಬರ್ನೇಟ್ ಮಾಡಿ, ಅಂದರೆ ತೆರೆದದ್ದನ್ನೆಲ್ಲ ಡಿಸ್ಕ್‌ನಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಆಗುತ್ತದೆ, ಬೆಳಿಗ್ಗೆ ಎಲ್ಲಾ ಬಿಟ್ಟಲ್ಲೇ ಇರುತ್ತದೆ. ಪವರ್ ಮೆನುವಿನಲ್ಲಿ ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಆನ್ ಮಾಡಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹೈಬರ್ನೇಟ್ ನನಗೆ ಆಗಲ್ಲ, ಈ ಕಂಪ್ಯೂಟರ್ ಅನ್ನು ಸಂಜೆ ಬೇರೆಯವರು ಬಳಸುತ್ತಾರೆ. ಬ್ಯಾಚ್ ಫೈಲ್ ಮಾಡಿದೆ. ಖಾಲಿ ಕೋಟ್ ವಿಷಯ ಹೇಳದಿದ್ದರೆ ನಾನೂ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ಚಾಟ್ ಆ್ಯಪ್ ಮಾತ್ರ ಮಿನಿಮೈಸ್ ಅಂದರೂ ಕೇಳಲಿಲ್ಲ, ಅದರದ್ದೇ ಸೆಟ್ಟಿಂಗ್‌ನಲ್ಲಿ ಹಿನ್ನೆಲೆಯಲ್ಲಿ ತೆರೆಯುವ ಆಯ್ಕೆ ಸಿಕ್ಕಿತು, ಅದನ್ನು ಆನ್ ಮಾಡಿ ಸಾಲಿನಲ್ಲಿ ಮೊದಲಿಗೆ ಹಾಕಿದೆ. ಎಡಿಟರ್ ಕೊನೆಗೆ. ಮೂರು ದಿನದಿಂದ ಒಂದು ಅಕ್ಷರವೂ ತಪ್ಪು ಕಡೆ ಹೋಗಿಲ್ಲ.