ನಮ್ಮ ಬೋರ್ ನೀರಿಗೂ ಕೈಗಾದಂಥ ಪರೀಕ್ಷೆ ಬೇಕಾ?

ಪ್ರಶ್ನೆ (ಶಹಾಪುರ ತಾಲ್ಲೂಕಿನ ರೈತರು): ಸರ್, ನಮ್ಮದು ಗೋಗಿ ಹತ್ತಿರದ ಊರು. ಅಳಿಯ ಕೈಗಾ ಕಡೆ ಕೆಲಸದಲ್ಲಿದ್ದಾನೆ. ಅಲ್ಲಿ ಅಣುಸ್ಥಾವರದ ಸುತ್ತಲಿನ ಬಾವಿ ನೀರನ್ನೂ ಪರೀಕ್ಷೆ ಮಾಡುತ್ತಾರಂತೆ. ನಮ್ಮ ನೆಲದಡಿಯೂ ಯುರೇನಿಯಂ ಇದೆ ಅಲ್ವಾ? ಮೊನ್ನೆ ಊರಿನ ಹುಡುಗನೊಬ್ಬ ಆನ್‌ಲೈನ್‌ನಲ್ಲಿ ತರಿಸಿದ ವಿಕಿರಣ ಮೀಟರನ್ನು ನೀರಿನ ಕೊಡದ ಮೇಲೆ ಹಿಡಿದು ನೋಡಿದ. ಮುಳ್ಳು ಅಲ್ಲಾಡಲೇ ಇಲ್ಲ. ನೀರು ಚೆನ್ನಾಗಿದೆ ಅಂದುಕೊಳ್ಳಬಹುದಾ?

ಉತ್ತರ: ಆ ಮೀಟರ್ ನಂಬಿ ಕೂರಬೇಡಿ. ಯುರೇನಿಯಂ ಹೊರಹಾಕುವ ಆಲ್ಫಾ ಕಣವನ್ನು ಒಂದು ಹಾಳೆ ಕಾಗದವೂ ತಡೆಯುತ್ತದೆ. ಕೊಡದ ನೀರನ್ನು ದಾಟಿ ಅದು ಮೀಟರಿಗೆ ಮುಟ್ಟುವುದೆಲ್ಲಿಂದ ಬಂತು?

ಕೈಗಾದಲ್ಲಿ ಹುಡುಕುವುದೇ ಬೇರೆ, ನೀವು ಹುಡುಕಬೇಕಾದ್ದೇ ಬೇರೆ. ಅಲ್ಲಿನ ರಿಯಾಕ್ಟರುಗಳು ಭಾರಜಲ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು, ಬಳಸುತ್ತವೆ. ಅದಕ್ಕೆ ನ್ಯೂಟ್ರಾನ್ ಬಡಿದು ಟ್ರಿಟಿಯಂ ಹುಟ್ಟುತ್ತದೆ. ಟ್ರಿಟಿಯಂ ಅಂದರೆ ಹೈಡ್ರೋಜನ್ನೇ, ತೂಕ ಮಾತ್ರ ಮೂರು ಪಟ್ಟು, ವಿಕಿರಣವನ್ನೂ ಸೂಸುತ್ತದೆ. ಅದು ನೀರಿನಲ್ಲಿ ಬೆರೆಯುವುದಲ್ಲ, ತಾನೇ ನೀರಾಗಿಬಿಡುತ್ತದೆ. ಹಾಗಾಗಿ ಎಲ್ಲಾದರೂ ಸೋರಿದರೆ ನೆಲದಡಿ ನೀರಿನಷ್ಟೇ ವೇಗವಾಗಿ ಸಾಗುತ್ತದೆ. ರಿಯಾಕ್ಟರಿನಲ್ಲೇ ಹುಟ್ಟುವ ಇನ್ನೊಂದು ವಿಕಿರಣಶೀಲ ವಸ್ತು ಸೀಸಿಯಂ-137 ಹಾಗಲ್ಲ, ಜೇಡಿಮಣ್ಣಿಗೆ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಅದಕ್ಕೇ ಬಾವಿ ನೀರಿನಲ್ಲಿ ಮೊದಲು ಟ್ರಿಟಿಯಂ ನೋಡುವುದು. ಅದರ ಅರ್ಧಾಯುಷ್ಯ 12.3 ವರ್ಷ, ಅಂದರೆ ಅಷ್ಟು ವರ್ಷದಲ್ಲಿ ಇದ್ದದ್ದು ಅರ್ಧಕ್ಕಿಳಿಯುತ್ತದೆ.

ಅಳೆಯುವ ರೀತಿ ನೋಡೋದಕ್ಕೇ ಚೆಂದ. ನೀರನ್ನು ಭಟ್ಟಿ ಇಳಿಸಿ, ಕೆಲವೇ ಮಿಲಿಲೀಟರ್ ತೆಗೆದು, ಹೊಳೆಯುವ ಗುಣದ ಒಂದು ದ್ರಾವಣಕ್ಕೆ ಬೆರೆಸುತ್ತೇವೆ. ಸೀಸೆಯನ್ನು ಕತ್ತಲಲ್ಲಿಡುತ್ತೇವೆ. ಒಂದೊಂದು ಟ್ರಿಟಿಯಂ ಒಡೆದಾಗಲೂ ಒಂದು ಪುಟ್ಟ ಮಿಂಚು. ಯಂತ್ರ ಗಂಟೆಗಟ್ಟಲೆ ಆ ಮಿಂಚುಗಳನ್ನು ಎಣಿಸುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಮಾರ್ಗಸೂಚಿ ಮಟ್ಟ ಲೀಟರಿಗೆ 10,000 ಬೆಕ್ಯುರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕ್ಯುರೆಲ್). ಆದರೆ ಒಂದು ದಿನದ ಅಂಕಿ ಹಿಡಿದು ಮಾತಾಡುವುದು ನನಗೆ ಇಷ್ಟವಿಲ್ಲ. ರಿಯಾಕ್ಟರ್ ಶುರುವಾಗುವ ಮೊದಲು ಎಷ್ಟಿತ್ತು, ಆಮೇಲೆ ವರ್ಷವರ್ಷಕ್ಕೆ ಏರುತ್ತಿದೆಯಾ, ಅದು ಮುಖ್ಯ.

ನಿಮ್ಮ ಜಿಲ್ಲೆಯಲ್ಲಿ ರಿಯಾಕ್ಟರ್ ಇಲ್ಲ. ಟ್ರಿಟಿಯಂ ಪರೀಕ್ಷೆಗೆ ದುಡ್ಡು ಹಾಕಬೇಡಿ. ಯುರೇನಿಯಂ ಮಾಡಿಸಿ.

ಪ್ರಶ್ನೆ: ಯುರೇನಿಯಂ ಕಲ್ಲಿನಲ್ಲಿರುತ್ತದೆ. ನೀರಿಗೆ ಹೇಗೆ ಇಳಿಯುತ್ತದೆ?

ಉತ್ತರ: ಮನೆ ಮುಂದೆ ಹಾಸುವ ಶಹಾಬಾದ್ ಫರ್ಸಿ ಗೊತ್ತಲ್ಲ, ಅದು ಸುಣ್ಣಕಲ್ಲು. ಗೋಗಿಯ ಅದಿರು ಇರುವುದು ಬಿರುಕು ಬಿಟ್ಟ ಆ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್‌ನಲ್ಲಿ. ಸುಣ್ಣಕಲ್ಲಿನ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ. ಗಾಳಿಯ ಆಮ್ಲಜನಕವೂ ಜೊತೆಗೂಡಿದರೆ ಯುರೇನಿಯಂ ಕರಗುತ್ತದೆ. ಎಲ್ಲ ಬೋರ್‌ನಲ್ಲೂ ಒಂದೇ ಥರ ಇರುವುದಿಲ್ಲ. ನಿಮ್ಮ ಬೋರ್ ಯಾವ ಬಿರುಕಿಗೆ ತಾಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಪಕ್ಕದವರ ರಿಪೋರ್ಟ್ ನಿಮಗೆ ಆಗಿಬರುವುದಿಲ್ಲ.

ವರದಿಯಲ್ಲಿ ಲೀಟರಿಗೆ ಎಷ್ಟು ಮೈಕ್ರೋಗ್ರಾಂ ಅಂತ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯದು 30. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಹೇಳಿದ್ದು 60. ನಾನಾದರೆ 30 ಇಟ್ಟುಕೊಳ್ಳುತ್ತೇನೆ. ಇಲ್ಲಿ ವಿಕಿರಣಕ್ಕಿಂತ ಕಿಡ್ನಿಯ ಚಿಂತೆ ದೊಡ್ಡದು. ಯುರೇನಿಯಂ ಸೀಸದ ಹಾಗೆ ಒಂದು ಭಾರಲೋಹ.

ಪ್ರಶ್ನೆ (ಸುರಪುರದಿಂದ ಇನ್ನೊಬ್ಬರು): ಕುದಿಸಿದರೆ ಹೋಗುತ್ತದಾ?

ಉತ್ತರ: ಇಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಘಟಕದ ಪೊರೆ ಸರಿಯಾಗಿದ್ದರೆ ಯುರೇನಿಯಂ ಬಹುಪಾಲು ನಿಲ್ಲುತ್ತದೆ. ತಮಾಷೆ ಅಂದರೆ ಟ್ರಿಟಿಯಂ ಅದರಲ್ಲಿ ನಿಲ್ಲುವುದಿಲ್ಲ, ಅದೇ ನೀರಲ್ವಾ! ನಿಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತ್ತು. ನೀವು ಅದನ್ನೂ ಫ್ಲೋರೈಡನ್ನೂ ಜೊತೆಗೇ ಬರೆಸಿ.

ಪ್ರಶ್ನೆ: ಹಳೇ ಕೂಲ್‌ಡ್ರಿಂಕ್ ಬಾಟಲಿಯಲ್ಲಿ ತರಬಹುದಾ ಸರ್?

ಉತ್ತರ: ಬೇಡ. ಲ್ಯಾಬ್‌ನಿಂದಲೇ ಬಾಟಲಿ ಕೇಳಿ ತೆಗೆದುಕೊಳ್ಳಿ. ಮೋಟಾರ್ ಹಾಕಿ ಹತ್ತು ನಿಮಿಷ ನೀರು ಹರಿಯಲಿ, ಪೈಪಿನಲ್ಲಿ ನಿಂತದ್ದೆಲ್ಲ ಹೋಗಲಿ, ಆಮೇಲೆ ಹಿಡಿಯಿರಿ. ಯುರೇನಿಯಂಗೆ ಕೊಡುವ ಬಾಟಲಿಯ ತಳದಲ್ಲಿ ಕೆಲವು ಹನಿ ನೈಟ್ರಿಕ್ ಆಸಿಡ್ ಇರಬಹುದು. ಲೋಹ ಬಾಟಲಿಯ ಗೋಡೆಗೆ ಅಂಟದಿರಲಿ ಅಂತ ಹಾಕಿರುತ್ತಾರೆ. ಎಷ್ಟೋ ಜನ ಗಲೀಜು ಅಂತ ಅದನ್ನೇ ತೊಳೆದು ತರುತ್ತಾರೆ. ತೊಳೆಯಬೇಡಿ, ಮುಟ್ಟಲೂ ಬೇಡಿ. ಫ್ಲೋರೈಡ್‌ಗೆ ಆಸಿಡ್ ಇಲ್ಲದ ಇನ್ನೊಂದು ಬಾಟಲಿ ಬೇಕು. ಮೇಲೆ ತಾರೀಖು, ಬೋರ್ ಎಷ್ಟು ಅಡಿ ಅಂತ ಬರೆಯಿರಿ.