ಶಾಲೆ, ಬೀದಿದೀಪ: ಮಂದಿರ, ಚರ್ಚ್, ಮಸೀದಿ ಒಟ್ಟಾಗಿ ಕೇಳುವುದು ಹೇಗೆ?

ಪ್ರಶ್ನೆ: ಮಂಗಳೂರಿನ ನಮ್ಮ ವಾರ್ಡಿನಲ್ಲಿ ಭಜನಾ ಮಂದಿರ, ಚರ್ಚ್, ಮಸೀದಿ ಮೂರೂ ಒಟ್ಟಾಗಲು ಒಪ್ಪಿವೆ. ಸರಕಾರಿ ಶಾಲೆಗೆ ಶಿಕ್ಷಕರು ಸಾಲದು, ದಾರಿಯಲ್ಲಿ ದೀಪವಿಲ್ಲ. ಎಲ್ಲಿಂದ ಶುರು?

ಉತ್ತರ 1: ದೀಪದಿಂದ. ರಾತ್ರಿ ನಡೆದು ಹೋಗಿ ಕೆಟ್ಟ ಕಂಬಗಳ ನಂಬರ್ ಬರೆದುಕೊಳ್ಳಿ. ‘ನಮ್ಮ ಕಡೆ ಕತ್ತಲು’ ಅಂತಷ್ಟೇ ಬರೆದ ಮನವಿ ಪಾಲಿಕೆಯಲ್ಲಿ ಧೂಳು ತಿನ್ನುತ್ತದೆ. ಎರಡು ಪ್ರತಿ ಒಯ್ದು, ನಿಮ್ಮದರ ಮೇಲೆ ಸೀಲು, ತಾರೀಕು ಹಾಕಿಸಿ.

ಉತ್ತರ 2: ಶಾಲೆಗೆ ಎಸ್‌ಡಿಎಂಸಿಯೇ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ದಾರಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61 ಆದರೆ 3. ದಾಖಲಾತಿ ಲೆಕ್ಕ ಸೇರಿಸಿ ಠರಾವು ಮಾಡಿ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಕೊಡಿ.

ಉತ್ತರ 3: ಮಾರಾಯ್ರೆ, ಸಭೆಗೆ ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಬೇಡ. ಶಾಲೆಯ ಜಗಲಿಯಲ್ಲೇ ಸೇರಿ. ರಾಜಕೀಯದವರಿಗೆ ಮೈಕ್ ಸಿಕ್ಕಿತೋ, ಮೂರೂ ಕಡೆಯವರು ಚದುರಿದರು ಅಂತಲೇ ಲೆಕ್ಕ.