8 ಜಿಬಿ ರ‍್ಯಾಮಲ್ಲಿ ಎಲ್‌ಎಕ್ಸ್‌ಸಿ ಸಾಕಾ, ಕೆವಿಎಂ ಬೇಕಾ?

ಬೂಟ್‌ಲೂಪ್:
ನಮಸ್ಕಾರ. ಹಳೇ ಮಿನಿ ಪಿಸಿ ಇದೆ, ನಾಲ್ಕು ಕೋರ್, 8 ಜಿಬಿ ರ‍್ಯಾಮ್, ಒಂದೇ ಪಿಸಿಯನ್ನ ಹಲವು ಮಶೀನ್ ಥರ ಬಳಸೋಕೆ ಪ್ರಾಕ್ಸ್‌ಮಾಕ್ಸ್ ಹಾಕಿದೀನಿ. ಡಿಎನ್‌ಎಸ್, ಪೋಸ್ಟ್‌ಗ್ರೆಸ್ (ಡೇಟಾಬೇಸ್), ವೈರ್‌ಗಾರ್ಡ್ (ವಿಪಿಎನ್), ನಾಲ್ಕೈದು ಡಾಕರ್ (ಕಂಟೇನರಲ್ಲಿ ಓಡೋ) ಆಪ್, ಆಮೇಲೆ ಅಪರೂಪಕ್ಕೆ ಒಂದು ವಿಂಡೋಸ್ ಓಡ್ಬೇಕು. ಎಲ್ಲಕ್ಕೂ ಕೆವಿಎಂನಲ್ಲಿ ವಿಎಂ (ತನ್ನದೇ ಓಎಸ್ ಇರೋ ಪೂರ್ತಿ ವರ್ಚುವಲ್ ಮಶೀನ್) ಮಾಡಿದ್ರೆ ರ‍್ಯಾಮ್ ಸಾಲಲ್ಲ, ಎಲ್‌ಎಕ್ಸ್‌ಸಿ (ಲಿನಕ್ಸ್ ಕಂಟೇನರ್) ಹಗುರ ಅಂತಾರೆ ಆದ್ರೆ ಕೆಲವೆಲ್ಲ ಅದ್ರಲ್ಲಿ ಓಡಲ್ಲ ಅಂತಾನೂ ಅಂತಾರೆ. ಫೈರ್‌ಕ್ರ್ಯಾಕರ್ ಅನ್ನೋ ಸಾಫ್ಟ್‌ವೇರಲ್ಲಿ ವಿಎಂ 125 ಮಿಲಿಸೆಕೆಂಡಲ್ಲಿ ಬೂಟ್ ಆಗುತ್ತಂತೆ, ಅದನ್ನೇ ಹಾಕ್ಲಾ?

ಕರ್ನಲ್ಕಿಟ್ಟಿ:
ಫೈರ್‌ಕ್ರ್ಯಾಕರ್ ಬಿಟ್ಬಿಡಿ ಗುರು. ಅದು 2018ರಲ್ಲಿ ಅಮೆಜಾನ್‌ನವ್ರು ಲ್ಯಾಂಬ್ಡಾ ಥರದ (ಕೋಡ್ ತುಣುಕನ್ನ ಬೇಕಾದಾಗ ಮಾತ್ರ ಓಡ್ಸೋ) ಕೆಲ್ಸಕ್ಕೆ ಅಂತ ಹೊರಗೆ ಬಿಟ್ಟಿದ್ದು, ಬಯಾಸೂ ಇಲ್ಲ, ಐಎಸ್‌ಓ ಹಾಕಿ ಇನ್‌ಸ್ಟಾಲ್ ಮಾಡೋಕೂ ಆಗಲ್ಲ, ಕರ್ನಲ್ಲು (ಓಎಸ್‌ನ ತಿರುಳು), ರೂಟ್ ಇಮೇಜು (ಓಎಸ್‌ನ ಫೈಲ್‌ಗಳಿರೋ ಡಿಸ್ಕ್) ಎರಡೂ ನೀವೇ ಕೊಡ್ಬೇಕು, ವಿಂಡೋಸ್ ಅಂತೂ ದೂರದ ಮಾತು. ಸಾವಿರಾರು ಪುಟ್ಟ ವಿಎಂ ಎಬ್ಬಿಸಿ ಮಲಗಿಸೋರಿಗೆ ಬೂಟ್ ಟೈಮ್ ಮುಖ್ಯ, ತಿಂಗಳುಗಟ್ಟಲೆ ಆನ್ ಇರೋ ಡಿಎನ್‌ಎಸ್‌ಗೆ ಅದ್ರಿಂದ ಏನ್ ಲಾಭ?

ಡಿಎನ್‌ಎಸ್, ಪೋಸ್ಟ್‌ಗ್ರೆಸ್ ಎಲ್‌ಎಕ್ಸ್‌ಸಿಗೆ ಹಾಕಿ. ಹೋಸ್ಟ್ (ಅಂದ್ರೆ ಮಿನಿ ಪಿಸಿಯ) ಕರ್ನಲ್ಲನ್ನೇ ಬಳಸೋದ್ರಿಂದ ಪ್ರತಿಯೊಂದಕ್ಕೂ ಬೇರೆ ಕರ್ನಲ್, ಬೇರೆ ಪೇಜ್ ಕ್ಯಾಶ್ (ಡಿಸ್ಕ್ ಡೇಟಾದ ಮೆಮೊರಿ ಪ್ರತಿ) ಇರಲ್ಲ, ರ‍್ಯಾಮ್ ಉಳಿಯೋದೇ ಅಲ್ಲಿ. ವೈರ್‌ಗಾರ್ಡ್ ಕೂಡ ನಡೆಯುತ್ತೆ, 5.6 ಕರ್ನಲ್‌ನಿಂದ ಒಳಗೇ ಇದೆ, ಆದ್ರೆ ಮಾಡ್ಯೂಲ್ ಲೋಡ್ ಆಗ್ಬೇಕಿರೋದು ಹೋಸ್ಟಲ್ಲಿ, ಕಂಟೇನರ್ ಒಳಗೆ ಕೂತು ಅದನ್ನ ಲೋಡ್ ಮಾಡೋ ಮಾಡ್‌ಪ್ರೋಬ್ ಕಮಾಂಡ್ ಹೊಡೆದ್ರೆ ಏನೂ ಆಗಲ್ಲ.

ಸ್ವಾಪ್‌ಫೈಲ್:
ಡಾಕರ್‌ನೂ ಎಲ್‌ಎಕ್ಸ್‌ಸಿಗೇ ಹಾಕಿ, ನೆಸ್ಟಿಂಗ್ (ಕಂಟೇನರ್ ಒಳಗೆ ಕಂಟೇನರ್) ಆನ್ ಮಾಡಿದ್ರೆ ಆಯ್ತು. ನಂದು ಆರಾಮಾಗಿ ಓಡ್ತಿದೆ.

ಕರ್ನಲ್ಕಿಟ್ಟಿ:
ಓಡುತ್ತೆ, ಇಲ್ಲ ಅನ್ನಲ್ಲ, ಆದ್ರೆ ಪ್ರಾಕ್ಸ್‌ಮಾಕ್ಸ್‌ನವ್ರ ಡಾಕ್ಯುಮೆಂಟೇಶನ್ನೇ ಡಾಕರ್‌ಗೆ ವಿಎಂ ಮಾಡಿ ಅನ್ನುತ್ತೆ. ಹೋಸ್ಟ್ ಅಪ್‌ಗ್ರೇಡ್ ಆದಾಗ ಸ್ಟೋರೇಜ್ ಡ್ರೈವರ್ರೋ ಆಪ್‌ಆರ್ಮರ್ ಅನ್ನೋ ಭದ್ರತಾ ವ್ಯವಸ್ಥೆಯೋ ಕೈಕೊಟ್ರೆ ತಪ್ಪು ಯಾವ ಪದರದಲ್ಲಿದೆ ಅಂತ ಹುಡುಕೋದ್ರಲ್ಲೇ ಬೆಳಗಾಗುತ್ತೆ. ಅನ್‌ಪ್ರಿವಿಲೆಜ್ಡ್ (ಹೋಸ್ಟಲ್ಲಿ ರೂಟ್ ಅಧಿಕಾರ ಇಲ್ಲದ) ಕಂಟೇನರಲ್ಲಿ ಎನ್‌ಎಫ್‌ಎಸ್ (ನೆಟ್‌ವರ್ಕ್ ಫೋಲ್ಡರ್) ನೇರ ಮೌಂಟ್ ಮಾಡೋಕೂ ಬಿಡಲ್ಲ, ಹೋಸ್ಟಲ್ಲಿ ಮೌಂಟ್ ಮಾಡಿ ಒಳಗೆ ಬೈಂಡ್ ಮಾಡ್ಬೇಕು. ಡಾಕರ್ ಎಲ್ಲಾ ಸೇರಿಸಿ ಒಂದೇ ಒಂದು ಸಣ್ಣ ಡೆಬಿಯನ್ ವಿಎಂ ಸಾಕು.

ವರ್ಟ್‌ಐಓ:
ವಿಎಂ ಅಂದ್ರೆ ನಿಧಾನ ಅನ್ನೋದು ಬಹಳ ಸಲ ಸೆಟ್ಟಿಂಗ್ ತಪ್ಪು. ಸಿಪಿಯುಲೇ ವರ್ಚುವಲೈಸೇಶನ್ ಸಪೋರ್ಟ್ ಇರೋವಾಗ ಲೆಕ್ಕಾಚಾರದ ಕೆಲ್ಸಕ್ಕೆ ಅಂಥಾ ಹೊಡೆತ ಬೀಳಲ್ಲ, ಡಿಸ್ಕ್ ಮತ್ತು ನೆಟ್‌ವರ್ಕಲ್ಲಿ ಬೀಳೋದು, ಅದಕ್ಕೆ ಹಳೇ ಹಾರ್ಡ್‌ವೇರ್ ಅನುಕರಿಸೋ ಐಡಿಇ ಡಿಸ್ಕ್, ಇ1000 ನೆಟ್‌ವರ್ಕ್ ಕಾರ್ಡ್ ಬಿಟ್ಟು ವಿಎಂಗೆಂದೇ ಮಾಡಿದ ವರ್ಟ್‌ಐಓ ಕೊಡಿ. ಸಿಪಿಯು ಟೈಪ್ ಕೆವಿಎಂ64 ಅಂತಿದ್ರೆ ಬದಲಾಯಿಸಿ, ಗೆಸ್ಟಿಗೆ (ವಿಎಂ ಒಳಗಿನ ಓಎಸ್‌ಗೆ) ಸಿಪಿಯುನ ಎಇಎಸ್ ಸೌಲಭ್ಯ ಕಾಣ್ಸಲ್ಲ, ಎನ್‌ಕ್ರಿಪ್ಶನ್ ತೆವಳುತ್ತೆ. ಒಂದೇ ಮಶೀನ್ ಅಲ್ವಾ, ‘ಹೋಸ್ಟ್’ ಇಡಿ. ಬೇರೆ ಬೇರೆ ಸಿಪಿಯು ಇರೋ ಕ್ಲಸ್ಟರಲ್ಲಿ ಹಾಗಿಟ್ರೆ ಲೈವ್ ಮೈಗ್ರೇಶನ್ (ಓಡ್ತಿರೋ ವಿಎಂನ ಇನ್ನೊಂದು ಮಶೀನಿಗೆ ಸಾಗಿಸೋದು) ಕೆಡುತ್ತೆ, ಅದು ನಿಮಗಿಲ್ಲ.

ಬೂಟ್‌ಲೂಪ್:
ಸರಿ, ಹಾಗಾದ್ರೆ ವಿಂಡೋಸ್?

ವರ್ಟ್‌ಐಓ:
ವಿಂಡೋಸ್ 11 ಅಂದ್ರೆ ಕನಿಷ್ಠ 4 ಜಿಬಿ, ಅರ್ಧ ರ‍್ಯಾಮ್ ಅದಕ್ಕೇ ಹೋಯ್ತು, ಅದು ಎದ್ದಾಗ ಡಾಕರ್ ವಿಎಂ ನಿಲ್ಸೋದೇ ಒಳ್ಳೇದು. ಇನ್‌ಸ್ಟಾಲ್ ಟೈಮಲ್ಲಿ ವರ್ಟ್‌ಐಓ ಡ್ರೈವರ್ ಐಎಸ್‌ಓನೂ ಎರಡನೇ ಸಿಡಿ ಡ್ರೈವಿಗೆ ಹಾಕಿರಿ, ಇಲ್ದಿದ್ರೆ ಸೆಟಪ್‌ಗೆ ಡಿಸ್ಕೇ ಕಾಣ್ಸಲ್ಲ.